ಹೆಡ್ ಕ್ಯಾಷಿಯರ್ ಪಕ್ಕದ ಕುರ್ಚಿ

(ಪದವಿ ಕಾಲೇಜೊಂದರ ವಾಣಿಜ್ಯ ವಿದ್ಯಾರ್ಥಿಗಳ ಮುಂದೆ ಬ್ಯಾಂಕ್ ಅಧಿಕಾರಿಯೊಬ್ಬರು ಆಡಿದ ಮಾತುಗಳ ಬರಹ ರೂಪ)

ನಿಮ್ಮಲ್ಲಿ ಹಲವರು ಬ್ಯಾಂಕ್ ಪರೀಕ್ಷೆಗೆ ಓದುತ್ತಿದ್ದೀರಿ ಎಂದು ಪ್ರಾಂಶುಪಾಲರು ಹೇಳಿದರು. ಕೇಳಿ ಸಂತೋಷವಾಯಿತು. ಪರೀಕ್ಷೆ ಪಾಸು ಮಾಡುವ ಬಗೆಯನ್ನು ಹೇಳಿಕೊಡಲು ಬೇರೆಯವರಿದ್ದಾರೆ. ಪಾಸಾಗಿ, ನೇಮಕದ ಪತ್ರ ಹಿಡಿದುಕೊಂಡು, ಗುರುತು ಪರಿಚಯವಿಲ್ಲದ ಊರಿನ ಶಾಖೆಯಲ್ಲಿ ಹೋಗಿ ಕುಳಿತ ಮೇಲೆ ನಿಮ್ಮ ಪಕ್ಕದ ಕುರ್ಚಿಯಲ್ಲಿ ಒಬ್ಬರು ಇರುತ್ತಾರಲ್ಲ, ನಿವೃತ್ತಿಗೆ ಐದಾರು ವರ್ಷ ಉಳಿದಿರುವವರು, ಅವರ ಬಗ್ಗೆ ಮಾತಾಡಲು ನಾನು ಬಂದಿದ್ದೇನೆ.

ನನಗೆ ಅಂಥವರೊಬ್ಬರು ಸಿಕ್ಕಿದ್ದರು. 1990ರ ದಶಕದ ನಡುವೆ, ಬ್ಯಾಂಕಿಂಗ್ ಸೇವಾ ನೇಮಕಾತಿ ಮಂಡಳಿಯ ಪರೀಕ್ಷೆ ಬರೆದು ನಾನು ಗುಮಾಸ್ತೆಯಾಗಿ ಸೇರಿದ್ದು ಮಲೆನಾಡಿನ ಒಂದು ತಾಲ್ಲೂಕು ಕೇಂದ್ರದ ಶಾಖೆಗೆ. ಅವರು ಅಲ್ಲಿನ ಹೆಡ್ ಕ್ಯಾಷಿಯರ್. ಅವರ ಹೆಸರನ್ನು ಇಲ್ಲಿ ಹೇಳುವುದಿಲ್ಲ. ಇದ್ದಿದ್ದರೆ ಅವರೇ ಬೇಡ ಎನ್ನುತ್ತಿದ್ದರು. ಮ್ಯಾನೇಜರರಿಂದ ಹಿಡಿದು ಕಸ ಗುಡಿಸಲು ಬರುತ್ತಿದ್ದ ಹುಡುಗನವರೆಗೆ ಎಲ್ಲರನ್ನೂ ಅವರು ಬಹುವಚನದಲ್ಲೇ ಮಾತಾಡಿಸುತ್ತಿದ್ದರು. ಅವರ ಮಗಳ ವಯಸ್ಸಿನ ನನ್ನನ್ನೂ 'ನೋಡಿ ಅಮ್ಮ' ಎಂದೇ ಕರೆಯುತ್ತಿದ್ದರು.

ಅವರ ಹಿನ್ನೆಲೆಯನ್ನು ಸ್ವಲ್ಪ ಹೇಳಬೇಕು, ಯಾಕೆಂದರೆ ಅದು ನಮ್ಮ ನಾಡಿನ ಬ್ಯಾಂಕುಗಳ ಕಥೆಯೂ ಹೌದು. 1906ರಲ್ಲಿ ಮಂಗಳೂರಿನಲ್ಲಿ ಅಮ್ಮೆಂಬಳ ಸುಬ್ಬರಾವ್ ಪೈಯವರು ಕೆನರಾ ಬ್ಯಾಂಕನ್ನು ಹುಟ್ಟುಹಾಕಿದರು. ಅದೇ ವರ್ಷ ಉಡುಪಿಯಲ್ಲಿ ಕಾರ್ಪೊರೇಷನ್ ಬ್ಯಾಂಕ್ ಬಂತು. 1925ರಲ್ಲಿ ಸಿಂಡಿಕೇಟ್, 1931ರಲ್ಲಿ ವಿಜಯಾ ಬ್ಯಾಂಕ್. ಒಂದೇ ಅವಿಭಜಿತ ಜಿಲ್ಲೆಯಲ್ಲಿ ಹುಟ್ಟಿದ ಈ ನಾಲ್ಕೂ ಮುಂದೆ ರಾಷ್ಟ್ರೀಕರಣಗೊಂಡವು. ಎರಡು 1969ರ ಜುಲೈ 19ರಂದು, ಉಳಿದೆರಡು 1980ರಲ್ಲಿ. 1969ರಲ್ಲಿ ಇಡೀ ದೇಶದಲ್ಲಿ ಇದ್ದ ಬ್ಯಾಂಕ್ ಶಾಖೆಗಳು 8 ಸಾವಿರಕ್ಕಿಂತ ಸ್ವಲ್ಪ ಹೆಚ್ಚು. 1990ರ ದಶಕ ಶುರುವಾಗುವ ಹೊತ್ತಿಗೆ ಅವು 60 ಸಾವಿರದ ಹತ್ತಿರ ಬಂದಿದ್ದವು. ಊರೂರಿಗೆ ಶಾಖೆ ತೆರೆಯುತ್ತಿದ್ದ ಆ ಕಾಲದಲ್ಲಿ ಮೆಟ್ರಿಕ್ ಪಾಸಾದ, ಬಿ.ಕಾಂ. ಓದಿದ ಎಷ್ಟೋ ಹಳ್ಳಿಯ ಹುಡುಗರಿಗೆ ಕೆಲಸ ಸಿಕ್ಕಿತು. ನಮ್ಮ ಹೆಡ್ ಕ್ಯಾಷಿಯರ್ ಆ ಹುಡುಗರಲ್ಲಿ ಒಬ್ಬರು. ಮನೆಯಲ್ಲಿ ಬ್ಯಾಂಕಿನ ಮೆಟ್ಟಿಲು ಹತ್ತಿದ ಮೊದಲಿಗರು ಅವರೇ, ಅದೂ ಕೌಂಟರಿನ ಒಳಗಡೆಗೆ.

ಈಗಿನ ಶಾಖೆಗಳಲ್ಲಿ ಸಂಜೆ ಕಂಪ್ಯೂಟರ್ ತಾನೇ ಲೆಕ್ಕ ಮುಗಿಸುತ್ತದೆ. ಆಗ ಹಾಗಿರಲಿಲ್ಲ. ಗಿರಾಕಿಗಳು ಹೋದ ಮೇಲೆ ನಮ್ಮ ನಿಜವಾದ ಕೆಲಸ ಶುರುವಾಗುತ್ತಿತ್ತು. ಆಳೆತ್ತರದ ಕಪಾಟಿನಿಂದ ಲೆಡ್ಜರುಗಳು, ಅಂದರೆ ಗಿರಾಕಿಗಳ ಖಾತೆಯ ಪುಸ್ತಕಗಳು, ಕೆಳಗಿಳಿಯುತ್ತಿದ್ದವು. ದಿನದ ವೋಚರುಗಳನ್ನು, ಅಂದರೆ ಜಮೆ ಖರ್ಚಿನ ಚೀಟಿಗಳನ್ನು, ವಿಂಗಡಿಸಿ, ಡೇ ಬುಕ್ಕಿನ ಜಮೆ, ಖರ್ಚು ಎರಡೂ ಬದಿ ಕೂಡಿಸಿ ಟ್ಯಾಲಿ ಮಾಡಬೇಕು, ಎರಡರ ಮೊತ್ತ ಒಂದೇ ಬರಬೇಕು. ತಿಂಗಳಿಗೊಮ್ಮೆ ಒಂದೊಂದು ಲೆಡ್ಜರಿನ ಎಲ್ಲ ಖಾತೆಗಳ ಬಾಕಿಯನ್ನೂ ಕೂಡಿಸಿ, ಇಡೀ ಶಾಖೆಯ ಒಟ್ಟು ಲೆಕ್ಕವಿರುವ ಜನರಲ್ ಲೆಡ್ಜರಿನ ಅಂಕಿಗೆ ಸರಿಹೊಂದಿಸಬೇಕು. ಹೊಂದದಿದ್ದರೆ ಮನೆಗೆ ಹೋಗುವಂತಿಲ್ಲ. ಹೊರಗೆ ಧೋ ಎಂದು ಮಳೆ, ಒಳಗೆ ಕರೆಂಟು ಹೋಗಿ ಗ್ಯಾಸ್‌ಲೈಟು, ಎದುರಿಗೆ ಒಂದು ವ್ಯತ್ಯಾಸ.

ಅಂಥ ಒಂದು ಸಂಜೆ ನಮಗೆ ಸಿಕ್ಕ ವ್ಯತ್ಯಾಸ 270 ರೂಪಾಯಿ. ಸಾಲಾಗಿ ಎಲ್ಲ ವೋಚರುಗಳನ್ನೂ ಮತ್ತೊಮ್ಮೆ ತಾಳೆ ನೋಡೋಣ ಎಂದು ನಾವು ಹೊರಟೆವು. ಅವರು ಕೈ ಅಡ್ಡ ಹಿಡಿದು ನಿಲ್ಲಿಸಿದರು. "ನೋಡಿ ಅಮ್ಮ, ಮೊದಲು ಒಂಬತ್ತರಿಂದ ಭಾಗಿಸಿ." ಭಾಗಿಸಿದರೆ 30, ಶೇಷವಿಲ್ಲ. "ಹಾಗಾದರೆ ಯಾರೋ ಅಕ್ಕಪಕ್ಕದ ಎರಡು ಅಂಕಿಗಳನ್ನು ಹಿಂದುಮುಂದು ಮಾಡಿದ್ದಾರೆ. ಮೂವತ್ತು ಬಂದಿದೆ, ಅಂದರೆ ನೂರರ ಸ್ಥಾನ ಮತ್ತು ಹತ್ತರ ಸ್ಥಾನ. ಆ ಎರಡು ಅಂಕಿಗಳ ನಡುವೆ ಮೂರರ ಅಂತರ ಇರುವ ವೋಚರುಗಳನ್ನು ಮಾತ್ರ ತೆಗೆಯಿರಿ." ಕಂತೆಯಲ್ಲಿ ಅಂಥವು ಬೆರಳೆಣಿಕೆಯಷ್ಟು ಇದ್ದವು. ಅವುಗಳಲ್ಲಿ ಒಂದು 1,520 ರೂಪಾಯಿಯದು. ಲೆಡ್ಜರಿನಲ್ಲಿ 1,250 ಎಂದು ಹತ್ತಿತ್ತು. ನೀವು ಗಣಿತ ಓದಿದವರು, ಕಾರಣ ನಿಮಗೆ ಹೊಳೆದಿರುತ್ತದೆ. ಎರಡು ಅಂಕಿಗಳು ಸ್ಥಾನ ಬದಲಿಸಿಕೊಂಡರೆ ಬರುವ ವ್ಯತ್ಯಾಸ ಯಾವಾಗಲೂ ಒಂಬತ್ತರ ಗುಣಕ. ಇನ್ನೊಂದು ಉಪಾಯವನ್ನೂ ಅವರು ಹೇಳಿಕೊಟ್ಟರು: ವ್ಯತ್ಯಾಸ ಸಮಸಂಖ್ಯೆಯಾಗಿದ್ದರೆ ಅದರ ಅರ್ಧವನ್ನು ಹುಡುಕಿ. 400 ರೂಪಾಯಿ ಜಮೆ ತಪ್ಪಿ ಖರ್ಚಿನ ಬದಿಗೆ ಹತ್ತಿದ್ದರೆ ವ್ಯತ್ಯಾಸ 800 ತೋರಿಸುತ್ತದೆ.

ಇದನ್ನು ಲೆಕ್ಕಶಾಸ್ತ್ರದ ಪುಸ್ತಕದಲ್ಲೂ ಓದಬಹುದು. ಅವರಿಂದ ನಾನು ಕಲಿತದ್ದು ಅದರ ನಂತರ ನಡೆದ ಸಂಗತಿಯಿಂದ. 1,250 ಎಂದು ಬರೆದ ಕೈಬರಹ ಯಾರದು ಎಂದು ನಮಗೆಲ್ಲರಿಗೂ ಗೊತ್ತಿತ್ತು. ಆತ ಮುಖ ತಗ್ಗಿಸಿ ಕುಳಿತಿದ್ದ. ಹೆಡ್ ಕ್ಯಾಷಿಯರ್ ತಪ್ಪು ಅಂಕಿಯ ಮೇಲೆ ಗೆರೆ ಎಳೆದು, ಸರಿ ಅಂಕಿ ಬರೆದು, ಪಕ್ಕದಲ್ಲಿ ಅವನ ಚುಟುಕು ಸಹಿ ಹಾಕಿಸಿಕೊಂಡು, "ಕಾಫಿಗೆ ಹೇಳಿ" ಎಂದರು. ಮನೆಗೆ ಹೋಗುವ ದಾರಿಯಲ್ಲಿ ನಾನು ಕೇಳಿದೆ, ಯಾಕೆ ಒಂದು ಮಾತೂ ಆಡಲಿಲ್ಲ ಎಂದು. "ತಪ್ಪು ಎಂಥದ್ದು ಎಂದು ಗೊತ್ತಾದರೆ ಅದು ಸಿಗುತ್ತದೆ. ಯಾರದ್ದು ಎಂದು ಹುಡುಕಲು ಹೊರಟರೆ ಎಲ್ಲರೂ ಮುಚ್ಚಿಡುತ್ತಾರೆ, ಆಗ ಅದು ಸಿಗುವುದೇ ಇಲ್ಲ" ಎಂದರು.

ನಾನು ಮುಂದೆ ಮ್ಯಾನೇಜರಾಗಿ ಬೇರೆ ಬೇರೆ ಶಾಖೆಗಳಲ್ಲಿ ಕೆಲಸ ಮಾಡಿದ್ದೇನೆ. ಬೈಯುವ ಮ್ಯಾನೇಜರರ ಶಾಖೆಯಲ್ಲಿ ತಪ್ಪುಗಳು ಕಡಿಮೆ ಇರುವುದಿಲ್ಲ, ಹೊರಬೀಳುವುದು ತಡವಾಗುತ್ತದೆ. ಸಣ್ಣ ತಪ್ಪನ್ನು ಮುಚ್ಚಲು ಹೋಗಿ ದೊಡ್ಡ ತಪ್ಪಿನಲ್ಲಿ ಸಿಕ್ಕಿಬಿದ್ದ ಹುಡುಗರನ್ನು ನಾನು ಕಂಡಿದ್ದೇನೆ. ಅವರಿಗೆ ಮೊದಲ ದಿನವೇ ಯಾರಾದರೂ 'ಕಾಫಿಗೆ ಹೇಳಿ' ಎಂದಿದ್ದರೆ ಅವರ ಬಾಳೇ ಬೇರೆಯಾಗುತ್ತಿತ್ತು. ಈ ಮಾತನ್ನು ನೋವಿನಿಂದಲೇ ಹೇಳುತ್ತಿದ್ದೇನೆ. ಮನೆಯಲ್ಲೂ ಇದು ಹೀಗೆಯೇ. ಮಗುವಿನ ಅಂಕಪಟ್ಟಿ ಕೈಗೆ ಬಂದಾಗ ನಾವು ಮೊದಲು ಕೇಳುವುದು ಯಾವ ಪ್ರಶ್ನೆ ಎಂದು ಯೋಚಿಸಿ ನೋಡಿ.

ಇನ್ನು ನೋಟಿನ ಎಣಿಕೆ. ನೂರು ನೋಟಿಗೆ ಒಂದು ಪ್ಯಾಕೆಟ್, ಹತ್ತು ಪ್ಯಾಕೆಟ್ಟಿಗೆ ಒಂದು ಬಂಡಲ್. ಆಗ ಪ್ಯಾಕೆಟ್ಟುಗಳಿಗೆ ದಪ್ಪನೆಯ ಪಿನ್ನು ಹೊಡೆಯುತ್ತಿದ್ದರು. ಅದನ್ನು ನಿಲ್ಲಿಸಿ ಕಾಗದದ ಪಟ್ಟಿ ಸುತ್ತಬೇಕೆಂದು ರಿಸರ್ವ್ ಬ್ಯಾಂಕ್ ಆದೇಶ ಹೊರಡಿಸಿದ್ದು 2001ರಲ್ಲಿ. ಪಿನ್ನು ಹೊಡೆದ ಅಂಚನ್ನು ಎಡಗೈಯಲ್ಲಿ ಬಿಗಿಯಾಗಿ ಹಿಡಿದು, ಬಲಗೈ ಹೆಬ್ಬೆರಳನ್ನು ಒದ್ದೆ ಸ್ಪಂಜಿಗೆ ತಾಗಿಸಿ, ನೋಟುಗಳನ್ನು ಒಂದೊಂದಾಗಿ ಮಗುಚುತ್ತಾ ಹೋಗುವುದು. ಎಂಜಲು ಮುಟ್ಟಿಸಿದರೆ ಅವರಿಗೆ ಸಿಟ್ಟು ಬರುತ್ತಿತ್ತು. ಎಣಿಕೆಯ ನಡುವೆ ಮ್ಯಾನೇಜರ್ ಬಂದು ಮಾತಾಡಿಸಿದರೂ ಅವರು ಉತ್ತರ ಕೊಡುತ್ತಿರಲಿಲ್ಲ. ನೂರು ಮುಗಿಸಿ, ಪ್ಯಾಕೆಟ್ಟನ್ನು ಕೆಳಗಿಟ್ಟು, ತಲೆ ಎತ್ತಿ, "ಹೇಳಿ ಸರ್" ಎನ್ನುತ್ತಿದ್ದರು. ಹಾಗೆ ತಲೆ ಎತ್ತಿದ ಮೇಲೆ ಮಾತ್ರ ಅವರ ಕೈ ನೋಟಿನ ಮೇಲೆ ಹೋಗುತ್ತಿರಲಿಲ್ಲ. ಎದುರಿಗೆ ಇರುವವರು ಮ್ಯಾನೇಜರಾಗಲಿ, ಪಿಂಚಣಿಗೆ ಬಂದ ಅಜ್ಜಿಯಾಗಲಿ, ಪೂರ್ತಿ ಕೇಳಿಸಿಕೊಳ್ಳುತ್ತಿದ್ದರು. "ಎಣಿಸುವಾಗ ಮಾತು ಬೇಡ, ಮಾತಾಡುವಾಗ ಎಣಿಕೆ ಬೇಡ" ಎಂದು ನನಗೆ ಹೇಳಿದ್ದರು. ಮೊಬೈಲ್ ಕೈಗೆ ಬಂದ ಮೇಲೆ ಈ ಮಾತು ನನಗೆ ಇನ್ನೂ ಹೆಚ್ಚು ನೆನಪಾಗುತ್ತದೆ.

ಅವರ ಇನ್ನೊಂದು ಪದ್ಧತಿ ಇತ್ತು. ಜಮೆ ಮಾಡಲು ಬಂದವರ ಹಣವನ್ನು ಎಣಿಸಿದ ಕೂಡಲೇ ಡ್ರಾಯರಿಗೆ ಹಾಕುತ್ತಿರಲಿಲ್ಲ. ಕೌಂಟರಿನ ಮೇಲೆ, ಗಿರಾಕಿಯ ಕಣ್ಣೆದುರಿಗೇ ಇಟ್ಟು, "ಇಷ್ಟಿದೆ, ಸರಿಯೇ?" ಎಂದು ಕೇಳುತ್ತಿದ್ದರು. ಗಿರಾಕಿ ಹೂಂ ಎಂದ ಮೇಲೆ ಡ್ರಾಯರು. ಒಂದು ನೋಟು ಕಡಿಮೆ ಇದ್ದರೆ ಅಲ್ಲಿಯೇ, ಇಬ್ಬರೂ ಸೇರಿ ಎಣಿಸುವುದು. ಡ್ರಾಯರಿಗೆ ಬಿದ್ದ ಮೇಲೆ ಕಡಿಮೆ ಇದೆ ಎಂದರೆ ನಂಬುವವರು ಯಾರು? ಎಲ್ಲರ ಕಣ್ಣೆದುರು ಇರುವಾಗಲೇ ಮಾತು ಮುಗಿಸಿಕೊಳ್ಳಬೇಕು ಎಂಬುದು ಅವರ ನಿಯಮ. 2016ರ ನವೆಂಬರ್ 8ರ ರಾತ್ರಿ 500 ಮತ್ತು 1,000 ರೂಪಾಯಿ ನೋಟುಗಳು ರದ್ದಾದ ಮೇಲಿನ ದಿನಗಳನ್ನು ನಿಮ್ಮ ಮನೆಯ ಹಿರಿಯರು ನಿಮಗೆ ಹೇಳಿರಬಹುದು. ಬಾಗಿಲು ತೆರೆಯುವ ಮೊದಲೇ ರಸ್ತೆಯವರೆಗೆ ಸಾಲು, ಒಳಗೆ ಕೆಲಸಕ್ಕೆ ಹೊಸದಾಗಿ ಸೇರಿದ ಹುಡುಗ ಹುಡುಗಿಯರು. ಆ ವಾರಗಳಲ್ಲಿ ನಮ್ಮ ಶಾಖೆಯ ಕೌಂಟರಿನಲ್ಲಿ ಜಗಳಗಳು ನಡೆಯದೆ ಹೋದದ್ದಕ್ಕೆ ಈ ಒಂದು ನಿಯಮವೇ ಕಾರಣ ಎಂದು ನಾನು ನಂಬಿದ್ದೇನೆ.

ನಗದು ಕಡಿಮೆ ಬಂದರೆ ಕ್ಯಾಷಿಯರ್ ತನ್ನ ಜೇಬಿನಿಂದ ತುಂಬಬೇಕು, ಅದು ಎಲ್ಲರಿಗೂ ಗೊತ್ತು. ಹೆಚ್ಚು ಬಂದರೆ? ಅದನ್ನು, ಯಾರದೆಂದು ತಿಳಿಯದ ಹಣ ಇಡುವ ಸಂಡ್ರಿ ಖಾತೆಗೆ ಜಮೆ ಮಾಡಿ ಮನೆಗೆ ಹೋದರೆ ನಿಯಮದ ಪ್ರಕಾರ ಕೆಲಸ ಮುಗಿಯಿತು. ಒಂದು ದಿನ ಪಕ್ಕದ ಕೌಂಟರಿನಲ್ಲಿ 500 ರೂಪಾಯಿ ಹೆಚ್ಚು ಬಂತು. ಕಡಿಮೆ ಬಂದಿದ್ದರೆ ಅಷ್ಟು ತಳಮಳಿಸುತ್ತಿರಲಿಲ್ಲವೇನೋ, ಹೆಡ್ ಕ್ಯಾಷಿಯರ್ ಮನೆಗೆ ಹೋಗಲು ಒಪ್ಪಲೇ ಇಲ್ಲ. "ಕಡಿಮೆಯಾದರೆ ನಷ್ಟ ನಮ್ಮದು, ನಮಗೆ ಸಂಬಳ ಬರುತ್ತದೆ. ಹೆಚ್ಚಾಗಿದೆ ಎಂದರೆ ಯಾರದೋ ಮನೆಯಲ್ಲಿ ಈಗ ಎಣಿಸಿ ಎಣಿಸಿ ಅಳುತ್ತಿದ್ದಾರೆ."

ಪಾವತಿಯಾದ ಪ್ರತಿ ಚೆಕ್ಕಿನ ಹಿಂಬದಿಯಲ್ಲಿ ಯಾವ ನೋಟು ಎಷ್ಟು ಕೊಟ್ಟೆವು ಎಂದು ಕ್ಯಾಷಿಯರ್ ಬರೆಯುತ್ತಾರೆ. ಆ ದಿನದ ಚೆಕ್ಕುಗಳನ್ನೆಲ್ಲ ತಿರುಗಿಸಿ ಇಟ್ಟುಕೊಂಡು ಕುಳಿತೆವು. 8,700 ರೂಪಾಯಿಯ ಒಂದು ಚೆಕ್ಕಿನ ಹಿಂದೆ ನೂರರ ನೋಟು 82 ಎಂದು ಬರೆದಿತ್ತು. ಸಿಕ್ಕಿತು. ಗಿರಾಕಿಯ ಊರು ಹದಿನೈದು ಇಪ್ಪತ್ತು ಕಿಲೋಮೀಟರ್ ಆಚೆ, ಫೋನಿಲ್ಲದ ಮನೆ. ಹೆಡ್ ಕ್ಯಾಷಿಯರ್ ಒಂದು ಚೀಟಿ ಬರೆದು ಮಡಚಿ, ಬಸ್ ನಿಲ್ದಾಣಕ್ಕೆ ನಡೆದು, ಆ ಕಡೆ ಹೋಗುವ ಕೊನೆಯ ಬಸ್ಸಿನ ಕಂಡಕ್ಟರ್ ಕೈಗೆ ಕೊಟ್ಟರು. ಚೀಟಿಯಲ್ಲಿ ಇದ್ದದ್ದು ಇಷ್ಟೇ: 'ನಾಳೆ ಬ್ಯಾಂಕಿಗೆ ಬಂದು ಹೋಗುವುದು. ಗಾಬರಿ ಬೇಡ.' ಮೊತ್ತ ಬರೆಯಲಿಲ್ಲ, ಕಾರಣ ಬರೆಯಲಿಲ್ಲ, ಚೀಟಿ ನಾಲ್ಕು ಕೈ ದಾಟಿ ಹೋಗುತ್ತದಲ್ಲ. ಆದರೆ ಬ್ಯಾಂಕಿನಿಂದ ಕರೆ ಬಂದರೆ ಹಳ್ಳಿಯ ಮನೆಯಲ್ಲಿ ರಾತ್ರಿ ನಿದ್ದೆ ಬರುವುದಿಲ್ಲ ಎಂದು ಅವರಿಗೆ ಗೊತ್ತಿತ್ತು. ಆ ಎರಡು ಪದಗಳನ್ನು ಯಾವ ಸುತ್ತೋಲೆಯೂ ನನಗೆ ಕಲಿಸುತ್ತಿರಲಿಲ್ಲ.

ಚಿನ್ನದ ಸಾಲದ ಕೌಂಟರನ್ನು ನೀವು ನೋಡಿರಬಹುದು. ನಮ್ಮ ಕಡೆ ಅದರ ವ್ಯವಹಾರ ಅಡಿಕೆಯ ಜೊತೆ ಏರಿಳಿಯುತ್ತದೆ. ಜೂನ್ ಬಂತೆಂದರೆ ಮಕ್ಕಳ ಶಾಲೆಯ ಖರ್ಚು, ಕೊಳೆರೋಗ ಬಾರದಂತೆ ಬೋರ್ಡೋ ದ್ರಾವಣ ಸಿಂಪಡಿಸಲು ಮೈಲುತುತ್ತ, ಸುಣ್ಣ, ಆಳಿನ ಕೂಲಿ. ಅಡಿಕೆ ಮಾರಿ ದುಡ್ಡು ಬರಲು ಇನ್ನೂ ತಿಂಗಳುಗಟ್ಟಲೆ ಕಾಯಬೇಕು. ಹೆಂಗಸರ ಕೊರಳಿನ ಸರ, ಕೈಯ ಬಳೆ ಬ್ಯಾಂಕಿಗೆ ಬರುವುದು ಆಗ. ನಾನು ಆ ಕೌಂಟರಿನಲ್ಲಿ ಕುಳಿತ ಮೊದಲ ಮಳೆಗಾಲದಲ್ಲಿ ಅವರು ಹತ್ತಿರ ಬಂದು ಒಂದು ಮಾತು ಹೇಳಿದರು: "ಇಲ್ಲಿ ಹೆಸರು ಹಿಡಿದು ಕೂಗಬೇಡಿ. ಟೋಕನ್ ನಂಬರ್ ಕೂಗಿ." ಹಿತ್ತಾಳೆಯ ಟೋಕನ್ನುಗಳು ನಗದು ಪಾವತಿಗೆ ಇದ್ದವು, ಚಿನ್ನದ ಸಾಲಕ್ಕೆ ಬೇಕೆಂದು ಯಾವ ನಿಯಮವೂ ಇರಲಿಲ್ಲ. ಸಣ್ಣ ಊರು. ಶಾಖೆಯ ಹಾಲ್‌ನಲ್ಲಿ ಬೀಗರು ಕುಳಿತಿರುತ್ತಾರೆ, ಪಕ್ಕದ ತೋಟದವರು ಇರುತ್ತಾರೆ. ಒಂದು ಹೆಸರನ್ನು ಜೋರಾಗಿ ಕರೆದರೆ ಆ ಮನೆಯ ಕಷ್ಟ ಸಂತೆಗೆ ಬಂದಂತೆ. ಒತ್ತೆಯಿಟ್ಟ ಒಡವೆ ಬಿಡಿಸಿಕೊಳ್ಳಲು ಬಂದವರನ್ನು ಮಾತ್ರ ಅವರು ಹೆಸರು ಹಿಡಿದೇ ಕರೆಯುತ್ತಿದ್ದರು. ಅದನ್ನು ನಾನು ತಡವಾಗಿ ಗಮನಿಸಿದೆ.

ಇನ್ನೊಂದನ್ನು ಹೇಳಲೇಬೇಕು, ಯಾಕೆಂದರೆ ನನ್ನ ಮಟ್ಟಿಗೆ ಅವರ ಬಗೆಗಿನ ಗೌರವ ಗಟ್ಟಿಯಾದದ್ದು ಇದರಿಂದ. ಆಗ ಉಳಿತಾಯ ಖಾತೆಗೆ ದಿನ ದಿನದ ಬಾಕಿಯ ಮೇಲೆ ಬಡ್ಡಿ ಇರಲಿಲ್ಲ. ಅದು ಬಂದದ್ದು 2010ರ ಏಪ್ರಿಲ್ 1ರಿಂದ. ಅದಕ್ಕೆ ಮುಂಚೆ ತಿಂಗಳ 10ನೆಯ ತಾರೀಕಿನಿಂದ ಕೊನೆಯ ದಿನದವರೆಗೆ ಖಾತೆಯಲ್ಲಿ ಅತಿ ಕಡಿಮೆ ಎಷ್ಟು ಬಾಕಿ ಇತ್ತೋ ಅದರ ಮೇಲೆ ಆ ತಿಂಗಳ ಬಡ್ಡಿ. 11ನೆಯ ತಾರೀಕು ಹಣ ಕಟ್ಟಿದವನಿಗೆ ಆ ತಿಂಗಳು ಅದರ ಮೇಲೆ ಒಂದು ಪೈಸೆ ಬಡ್ಡಿಯೂ ಇಲ್ಲ. 28ರಂದು ತೆಗೆದವನಿಗೆ ಇಡೀ ತಿಂಗಳ ಬಡ್ಡಿ ಹೋಯಿತು. ಇದು ಗುಟ್ಟೇನೂ ಆಗಿರಲಿಲ್ಲ, ಆದರೆ ಹಳ್ಳಿಯ ಗಿರಾಕಿಗೆ ಯಾರೂ ಹೇಳುತ್ತಿರಲಿಲ್ಲ. ಹೆಡ್ ಕ್ಯಾಷಿಯರ್ ಹೇಳುತ್ತಿದ್ದರು. "ಇವತ್ತು ಒಂಬತ್ತು, ಚೀಲದಲ್ಲಿ ಇರುವುದನ್ನೂ ಇವತ್ತೇ ಕಟ್ಟಿ." "ಮದುವೆ ಒಂದನೆಯ ತಾರೀಕು ತಾನೇ, ದುಡ್ಡನ್ನು ಅವತ್ತೇ ಬೆಳಿಗ್ಗೆ ಒಯ್ಯಿರಿ." ಬ್ಯಾಂಕಿಗೆ ನಷ್ಟವಲ್ಲವೇ ಎಂದು ಒಬ್ಬರು ಕೇಳಿದ್ದಕ್ಕೆ, ನಿಯಮವನ್ನು ಬ್ಯಾಂಕೇ ಮಾಡಿದೆ, ಅದನ್ನು ಓದಿ ಹೇಳಿದರೆ ಬ್ಯಾಂಕಿಗೆ ಹೇಗೆ ನಷ್ಟ ಎಂದಿದ್ದರು. ನಿಮ್ಮಲ್ಲಿ ಯಾರಾದರೂ ನಾಳೆ ವಿಮೆಯನ್ನೋ ಮ್ಯೂಚುವಲ್ ಫಂಡನ್ನೋ ಗುರಿ ಮುಟ್ಟಲೆಂದು ಮಾರಬೇಕಾಗಿ ಬಂದಾಗ ಈ ಮಾತು ನಿಮ್ಮ ತಲೆಯಲ್ಲಿರಲಿ.

ಇಷ್ಟೆಲ್ಲ ಒಳ್ಳೆಯ ಗುಣಗಳನ್ನು ಹೇಳಿ ಅವರನ್ನು ದೇವರು ಮಾಡುವುದು ನನಗೆ ಇಷ್ಟವಿಲ್ಲ. ಕೆಲವು ವಿಷಯಗಳಲ್ಲಿ ನಾನು ಅವರನ್ನು ಒಪ್ಪಲಿಲ್ಲ. ಗಿರಾಕಿ ಬೈದರೆ ನುಂಗಿಕೊಳ್ಳಬೇಕು, ಉತ್ತರ ಕೊಡಬಾರದು ಎಂಬುದು ಅವರ ಮತ. ಒಮ್ಮೆ ಒಬ್ಬಾತ ನನ್ನ ಕೌಂಟರಿಗೆ ಬಂದು ಕೇಳಬಾರದ ಮಾತು ಆಡಿದಾಗ ನಾನು ಎದ್ದು ನಿಂತು ಜೋರು ಮಾಡಿದೆ. ಸಂಜೆ ಅವರು ನಿಮ್ಮದು ಹೆಚ್ಚಾಯಿತು ಎಂದರು. ನಾನು ವಾದಿಸಿದೆ. ಮಾರನೆಯ ದಿನ ಬೆಳಿಗ್ಗೆ ಸ್ಟ್ರಾಂಗ್ ರೂಮಿನ ಬಾಗಿಲ ಬಳಿ, ಮ್ಯಾನೇಜರ್ ತಮ್ಮ ಕೀಲಿ ತರಲೆಂದು ಕಾಯುತ್ತಾ, ಅವರಾಗಿಯೇ ಮಾತು ತೆಗೆದರು. "ರಾತ್ರಿ ಯೋಚಿಸಿದೆ ಅಮ್ಮ. ಗಂಡಸಾದ ನನ್ನ ಕುರ್ಚಿಗೆ ಬರುವ ಬೈಗುಳವೇ ಬೇರೆ, ನಿಮ್ಮ ಕುರ್ಚಿಗೆ ಬರುವುದೇ ಬೇರೆ. ನನ್ನ ಲೆಕ್ಕ ನಿಮಗೆ ಹೊಂದುವುದಿಲ್ಲ. ನೀವು ಮಾಡಿದ್ದು ಸರಿ." ಐವತ್ತು ದಾಟಿದವರು ಇಪ್ಪತ್ತರ ಹರೆಯದವಳೊಬ್ಬಳಿಗೆ ಹೀಗೆ ಹೇಳುವುದನ್ನು ನಾನು ಅದಕ್ಕೂ ಮುಂಚೆ ಕೇಳಿರಲಿಲ್ಲ. ಅದಾದ ಮೇಲೆ ಅವರ ಹತ್ತಿರ ಯಾವ ವಿಷಯವನ್ನಾದರೂ ಮಾತಾಡಬಹುದು ಎಂಬ ಧೈರ್ಯ ನನಗೆ ಬಂತು.

ಆ ಧೈರ್ಯದಿಂದಲೇ ಒಂದು ದಿನ ಕೇಳಿದೆ: ಇಷ್ಟು ತಿಳಿದವರು ಯಾಕೆ ಆಫೀಸರ್ ಆಗಲಿಲ್ಲ? ಗುಮಾಸ್ತರು ಬಡ್ತಿ ಪಡೆದು ಅಧಿಕಾರಿಯಾದರೆ ವರ್ಗಾವಣೆ ತಪ್ಪದು. ಊರು ಬಿಟ್ಟು, ರಾಜ್ಯ ಬಿಟ್ಟು ಹೋಗಬೇಕಾಗಬಹುದು. ಆ ಕಾರಣಕ್ಕೆ ಬಡ್ತಿ ಬೇಡವೆಂದವರು ಆಗ ಪ್ರತಿ ಶಾಖೆಯಲ್ಲೂ ಇದ್ದರು. ಅವರು ತುಸು ಹೊತ್ತು ಸುಮ್ಮನಿದ್ದು ಹೇಳಿದರು: "ಅಮ್ಮನಿಗೆ ವಯಸ್ಸಾಗಿತ್ತು, ಬಿಟ್ಟು ಹೋಗುವ ಹಾಗಿರಲಿಲ್ಲ ಎಂದು ಎಲ್ಲರಿಗೂ ಹೇಳುತ್ತಾ ಬಂದೆ. ಅದು ಅರ್ಧ ನಿಜ. ಇನ್ನರ್ಧ ಹೆದರಿಕೆ. ಗೊತ್ತಿಲ್ಲದ ಊರು, ಗೊತ್ತಿಲ್ಲದ ಭಾಷೆ, ನನ್ನ ಕೈಯಲ್ಲಿ ಆಗುತ್ತದೋ ಇಲ್ಲವೋ ಎಂದು. ಅಮ್ಮ ತೀರಿಹೋದ ಮೇಲೆ ನೆಪ ಇರಲಿಲ್ಲ, ಆಗ ವಯಸ್ಸು ಮೀರಿತ್ತು." ಸ್ವಲ್ಪ ತಡೆದು, "ನೀವು ಹೋಗಿಯೇ ತೀರಬೇಕು ಎನ್ನುವುದಿಲ್ಲ. ನಿಮಗೂ ಮನೆ ಇದೆ, ಮಗು ಇದೆ. ಬೇಡ ಎನ್ನುವುದಾದರೆ ಯಾವ ಅರ್ಧಕ್ಕಾಗಿ ಬೇಡ ಎನ್ನುತ್ತಿದ್ದೀರಿ ಎಂದು ನಿಮಗಾದರೂ ತಿಳಿದಿರಲಿ" ಎಂದರು.

ಬಡ್ತಿ ಪರೀಕ್ಷೆಯ ಅರ್ಜಿ ನನ್ನ ಮೇಜಿನ ಡ್ರಾಯರಿನಲ್ಲಿ ತುಂಬದೆ ಬಿದ್ದಿತ್ತು. ಆ ವಾರ ತುಂಬಿ ಕಳುಹಿಸಿದೆ. ನನ್ನ ಅತ್ತೆ ಮಗುವನ್ನು ನೋಡಿಕೊಳ್ಳಲು ಒಪ್ಪಿದ್ದರು, ಗಂಡ ಬೆನ್ನಿಗಿದ್ದರು. ನನ್ನನ್ನು ಹಿಡಿದು ನಿಲ್ಲಿಸಿದ್ದ ಕಾರಣ ಬರಿಯ ಎರಡನೆಯ ಅರ್ಧವಷ್ಟೇ ಎಂದು ಆ ಮಾತಿನಿಂದ ನನಗೆ ತಿಳಿಯಿತು. ಅವರು ಬಾಯಿತುಂಬ ಹರಸಿ 'ಹೋಗಿ ಬನ್ನಿ' ಎಂದಿದ್ದರೆ ನಾನು ಹೋಗುತ್ತಿರಲಿಲ್ಲ. ತಮ್ಮ ಹೆದರಿಕೆಯನ್ನು ನನ್ನ ಮುಂದೆ ತೆರೆದಿಟ್ಟದ್ದೇ ನನಗೆ ದಾರಿಯಾಯಿತು. ಹಿರಿಯರ ಗೆಲುವಿನ ಕಥೆಗಳು ನಮಗೆ ಬೇಕಾದಷ್ಟು ಸಿಗುತ್ತವೆ. ಕೈಬಿಟ್ಟ ಅವಕಾಶದ ಕಥೆಯನ್ನು ನಿಮ್ಮನ್ನು ನಂಬಿದವರು ಮಾತ್ರ ಹೇಳುತ್ತಾರೆ. ಅದು ಸಿಕ್ಕಿದರೆ ಜೋಪಾನವಾಗಿ ಇಟ್ಟುಕೊಳ್ಳಿ.

ಅಷ್ಟರಲ್ಲಿ ಕಂಪ್ಯೂಟರ್ ಬಂತು. ಅವರು ಅದಕ್ಕೆ ಹೆದರಲಿಲ್ಲ. ಶಾಖೆಯಲ್ಲಿ ಎಲ್ಲರಿಗಿಂತ ಕಿರಿಯ ಹುಡುಗನ ಪಕ್ಕ ಕುರ್ಚಿ ಎಳೆದುಕೊಂಡು ಕಲಿತರು. ಸಂಜೆಯ ಟ್ಯಾಲಿ ಒಂದು ಗುಂಡಿ ಒತ್ತಿದರೆ ಆಗಿಬಿಡುತ್ತದೆ ಎಂದು ನಾವೆಲ್ಲ ಹಿಗ್ಗಿದಾಗ ಅವರೊಬ್ಬರು ಕೇಳಿದರು: "ಒಬ್ಬರ ಹಣವನ್ನು ಇನ್ನೊಬ್ಬರ ಖಾತೆಗೆ ಹಾಕಿದರೂ ಟ್ಯಾಲಿ ಆಗುತ್ತದಲ್ಲ?" ಆಗುತ್ತದೆ. ಜಮೆ, ಖರ್ಚು ಎರಡೂ ಸಮನಾಗಿದ್ದರೆ ಯಂತ್ರಕ್ಕೆ ತೃಪ್ತಿ. ದುಡ್ಡು ಸೇರಬೇಕಾದವರಿಗೆ ಸೇರಿತೇ ಎಂದು ಯಾರಾದರೂ ವೋಚರ್ ಹಿಡಿದು ನೋಡಲೇಬೇಕು. ಲೆಕ್ಕ ಕೂಡಿಬಂದ ಮಾತ್ರಕ್ಕೆ ಸರಿಯಾಯಿತು ಎಂದು ನೆಮ್ಮದಿಪಡುವ ಚಟ ನನಗೆ ಅವತ್ತೇ ಬಿಟ್ಟುಹೋಯಿತು.

2000ದ ಕೊನೆ ಮತ್ತು 2001ರ ಆರಂಭದಲ್ಲಿ ಸರ್ಕಾರಿ ಬ್ಯಾಂಕುಗಳು ಸ್ವಯಂ ನಿವೃತ್ತಿ ಯೋಜನೆ ತಂದವು. ಹದಿನೈದು ವರ್ಷ ಸೇವೆಯಾದವರು, ನಲವತ್ತು ವಯಸ್ಸು ದಾಟಿದವರು ಅರ್ಜಿ ಹಾಕಬಹುದಿತ್ತು. ದೇಶದಾದ್ಯಂತ ಸುಮಾರು ಒಂದು ಲಕ್ಷ ಮಂದಿ ಕೆಲವೇ ತಿಂಗಳಲ್ಲಿ ಹೊರಗೆ ಹೋದರು. ಅವರೂ ಹೋದರು. ಹೆಂಡತಿಯ ಆರೋಗ್ಯ ಕೆಟ್ಟಿತ್ತು, ಮನೆಯಲ್ಲಿ ಇರಬೇಕಾದ ಕಾಲ ಎಂದರು. ಈ ಸಲ ಅರ್ಧ ಮಾತಿಲ್ಲ, ಪೂರ್ತಿ ನಿಜ ಎಂದೂ ಸೇರಿಸಿದರು.

ಹೋಗುವ ಮುಂಚಿನ ತಿಂಗಳಲ್ಲಿ ಅವರು ಮಾಡಿದ ಒಂದು ಕೆಲಸವನ್ನು ನಾನು ಇಂದಿಗೂ ಪ್ರತಿ ವರ್ಗಾವಣೆಯಲ್ಲಿ ಮಾಡುತ್ತೇನೆ. ಅವರನ್ನೇ ನಂಬಿಕೊಂಡು ಬರುತ್ತಿದ್ದ ಗಿರಾಕಿಗಳಿದ್ದರು: ಹೆಬ್ಬೆಟ್ಟು ಒತ್ತುವ ಅಜ್ಜಿಯರು, ಪಾಸ್‌ಬುಕ್ಕನ್ನು ಓದಿಸಿಕೊಳ್ಳಲು ಬರುವವರು, ಕಣ್ಣು ಮಂದವಾದ ಒಬ್ಬ ನಿವೃತ್ತ ಮೇಷ್ಟ್ರು. ಅಂಥ ಒಬ್ಬೊಬ್ಬರು ಬಂದಾಗಲೂ ಎದ್ದು ಅವರನ್ನು ಕಿರಿಯ ಕ್ಯಾಷಿಯರ್ ಹತ್ತಿರ ಕರೆದುಕೊಂಡು ಹೋಗಿ, "ಇನ್ನು ಮುಂದೆ ಇವರು ನೋಡಿಕೊಳ್ಳುತ್ತಾರೆ, ನನ್ನ ಹಾಗೆಯೇ" ಎಂದು ಪರಿಚಯಿಸಿದರು. ಆ ದಿನದ ಕೆಲಸವನ್ನು ಅವನ ಕೈಯಿಂದಲೇ ಮಾಡಿಸಿ, ತಾವು ಪಕ್ಕದಲ್ಲಿ ನಿಂತಿರುತ್ತಿದ್ದರು. ಕೀಲಿ ಒಪ್ಪಿಸಲು, ನಗದು ಒಪ್ಪಿಸಲು ರಿಜಿಸ್ಟರ್ ಇದೆ, ಸಹಿ ಇದೆ. ಜನರ ನಂಬಿಕೆಯನ್ನು ಒಪ್ಪಿಸಲು ರಿಜಿಸ್ಟರ್ ಇಲ್ಲದ್ದರಿಂದ ಅವರು ಹೀಗೆ ಮಾಡಿದರು.

ಅವರಂಥವರು ಒಮ್ಮೆಗೇ ಹೊರಟುಹೋದದ್ದು ಮತ್ತು 1990ರ ದಶಕದಲ್ಲಿ ಹೊಸ ನೇಮಕ ಬಹಳ ಕಡಿಮೆಯಾಗಿದ್ದದ್ದು, ಈ ಎರಡೂ ಸೇರಿ ಬ್ಯಾಂಕುಗಳಲ್ಲಿ ನಡುವಿನ ಒಂದು ತಲೆಮಾರೇ ತೆಳುವಾಯಿತು. 2010ರ ಆಸುಪಾಸಿನಲ್ಲಿ ಮತ್ತೆ ದೊಡ್ಡ ಪ್ರಮಾಣದಲ್ಲಿ ನೇಮಕವಾಗಿ ಬಂದ ಮಕ್ಕಳಿಗೆ ಪಕ್ಕದ ಕುರ್ಚಿಯಲ್ಲಿ ಕೇಳಲು ಜನರಿರಲಿಲ್ಲ. ಇದ್ದವರಿಗೆ ಪುರಸೊತ್ತಿರಲಿಲ್ಲ. ಸಂಜೆಯ ಟ್ಯಾಲಿಯ ಜೊತೆಗೆ ಆ ಹೊತ್ತಿನ ಮಾತೂ ಹೋಯಿತು. ಲೆಡ್ಜರಿನ ಕಾಲ ಮತ್ತೆ ಬರಲಿ ಎಂದು ನಾನು ಖಂಡಿತ ಬಯಸುವುದಿಲ್ಲ. ಮಾರ್ಚ್ 31ರ ಕ್ಲೋಸಿಂಗಿನಲ್ಲಿ ನಡುರಾತ್ರಿಯವರೆಗೆ ಬಡ್ಡಿ ಕೂಡಿಸಿದವರು ಯಾರೂ ಬಯಸುವುದಿಲ್ಲ. ಆದರೆ ಯಂತ್ರ ಉಳಿಸಿಕೊಟ್ಟ ಹೊತ್ತಿನಲ್ಲಿ ಅರ್ಧ ಗಂಟೆಯನ್ನಾದರೂ ನಾವು ಒಬ್ಬರಿಗೊಬ್ಬರು ಕೊಡಬೇಕಿತ್ತು. ಕೊಡಲಿಲ್ಲ. ನನ್ನ ಶಾಖೆಯಲ್ಲಿ ಈಗ ಪ್ರತಿ ಶುಕ್ರವಾರ ಸಂಜೆ ಬಾಗಿಲು ಹಾಕಿದ ಮೇಲೆ ಎಲ್ಲರೂ ಚಹಾಕ್ಕೆ ಕೂರುತ್ತೇವೆ. ಆ ವಾರ ಯಾವ ಕೆಲಸ ಕಷ್ಟವಾಯಿತು ಎಂದು ಒಬ್ಬರು ಹೇಳಬೇಕು. ಗುರಿ, ಅಂಕಿಅಂಶದ ಮಾತು ಅಲ್ಲಿ ಇಲ್ಲ.

ಮಾತು ಮುಗಿದ ಮೇಲೆ ಹಿಂದಿನ ಸಾಲಿನ ವಿದ್ಯಾರ್ಥಿನಿಯೊಬ್ಬರು ಕೇಳಿದರು: "ಮೇಡಂ, ಎಲ್ಲ ಹಿರಿಯರೂ ಹೀಗಿರುವುದಿಲ್ಲವಲ್ಲ. ಸಿಡುಕುವವರು, ಕೆಲಸ ಕಲಿಸದೆ ಸತಾಯಿಸುವವರು ಸಿಕ್ಕರೆ ಏನು ಮಾಡಬೇಕು?"

ಒಳ್ಳೆಯ ಪ್ರಶ್ನೆ. ಅಂಥವರ ಕೈಕೆಳಗೂ ನಾನು ದುಡಿದಿದ್ದೇನೆ. ವಯಸ್ಸಾದ ಮಾತ್ರಕ್ಕೆ ಯಾರೂ ಗುರುವಾಗುವುದಿಲ್ಲ, ಹಾಗೆ ಭಾವಿಸಿ ನೀವು ತಲೆಬಾಗಬೇಕಾಗಿಯೂ ಇಲ್ಲ. ಆದರೆ ಹುದ್ದೆಯನ್ನು ನೋಡಿ ಹುಡುಕಬೇಡಿ. ಎಷ್ಟೋ ಶಾಖೆಗಳಲ್ಲಿ ಎಲ್ಲ ತಿಳಿದಿರುವವರು ದಫೇದಾರರು, ಅಂದರೆ ಹಿರಿಯ ಜವಾನರು. ಯಾವ ಗಿರಾಕಿಯ ಮನೆ ಎಲ್ಲಿ, ಯಾವ ಬೀಗ ಮಳೆಗಾಲದಲ್ಲಿ ಬಿಗಿಯುತ್ತದೆ ಎಂಬುದರಿಂದ ಹಿಡಿದು ಯಾವ ಸಾಲ ವಸೂಲಾಗುತ್ತದೆ ಎಂಬುದರವರೆಗೆ. ಇನ್ನೊಂದು, ಕೇಳುವ ರೀತಿ. 'ನನಗೆ ಏನಾದರೂ ಸಲಹೆ ಕೊಡಿ' ಎಂದು ಕೇಳಿದರೆ ಯಾರೇ ಆಗಲಿ ಉಪದೇಶ ಶುರು ಮಾಡುತ್ತಾರೆ. ಕೈಯಲ್ಲಿರುವ ಕೆಲಸವನ್ನು ತೋರಿಸಿ 'ಇದು ನಿಮ್ಮ ಕಾಲದಲ್ಲಿ ಹೇಗೆ ಮಾಡುತ್ತಿದ್ದಿರಿ, ಯಾವಾಗ ತಪ್ಪುತ್ತಿತ್ತು' ಎಂದು ಕೇಳಿ. ಸಿಡುಕುವವರು ಕೂಡ ಆ ಪ್ರಶ್ನೆಗೆ ಕುರ್ಚಿ ತಿರುಗಿಸಿ ಕೂರುವುದನ್ನು ನೋಡಿದ್ದೇನೆ. ಕೆಲಸಕ್ಕೆ ಸೇರಿದ ಮೊದಲ ವಾರವೇ ಈ ವರ್ಷ ಇಲ್ಲಿ ಯಾರು ನಿವೃತ್ತರಾಗುತ್ತಾರೆ ಎಂದು ವಿಚಾರಿಸಿ, ಮಧ್ಯಾಹ್ನ ಬುತ್ತಿ ಬಿಚ್ಚುವಾಗ ಅವರ ಪಕ್ಕ ಕುಳಿತುಕೊಳ್ಳಿ.